ಮಡಿಕೇರಿಯ ಚಳಿ ಚೆರ್ರಿಗೆ ಸಾಲದು

ಬೆಂಗಳೂರಿಗೆ ಸೇಬೇ ಬಂದಮೇಲೆ ಚೆರ್ರಿ ಬಾರದೆ ಇದ್ದೀತೆ? ಕೈತೋಟದ ಹುಚ್ಚು ಹತ್ತಿದವರಲ್ಲಿ ಹಲವರ ಲೆಕ್ಕಾಚಾರ ಇದು. ಹಿಮಾಚಲದ ಹರಿಮನ್ ಶರ್ಮಾ ಬೆಳೆಸಿದ ಎಚ್‌ಆರ್‌ಎಂಎನ್-99, ಇಸ್ರೇಲಿನ 'ಅನ್ನಾ' ಮುಂತಾದ ಸೇಬಿನ ತಳಿಗಳು ನಮ್ಮ ಬಯಲುಸೀಮೆಯಲ್ಲೂ ಕಾಯಿ ಬಿಟ್ಟಿರುವುದರಿಂದ ಆಸೆ ಹುಟ್ಟುವುದು ಸಹಜವೇ. ಆದರೆ ಸಿಹಿ ಚೆರ್ರಿ ಅಷ್ಟು ಸುಲಭಕ್ಕೆ ಒಗ್ಗುವ ಮರವಲ್ಲ.

ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವ ಈ ಮರದ ಮೊಗ್ಗುಗಳು ಮತ್ತೆ ಕಣ್ಣು ಬಿಡಬೇಕಾದರೆ ಸಾಕಷ್ಟು ಕಾಲ ಥಂಡಿಯಲ್ಲಿ ಕಳೆದಿರಬೇಕು. ಬೆಳೆಗಾರರು ಅದನ್ನು ಗಂಟೆಗಳಲ್ಲಿ ಅಳೆಯುತ್ತಾರೆ: ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದ ಗಂಟೆಗಳೆಷ್ಟು? ಬಿಂಗ್‌ನಂಥ ತಳಿಗೆ 700 ಗಂಟೆಯಾದರೂ ಬೇಕು. ಬೆಚ್ಚಗಿನ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೂ ಹೊಂದುವ ಮಿನ್ನಿ ರಾಯಲ್, ರಾಯಲ್ ಲೀ ತಳಿಗಳೇ 200-300 ಗಂಟೆ ಕೇಳುತ್ತವೆ. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಊರಿನ ಅತಿ ಚಳಿಯ ಆ ರಾತ್ರಿಯೂ ಈ ಲೆಕ್ಕಕ್ಕೆ ಒಂದು ಗಂಟೆಯನ್ನೂ ಸೇರಿಸುವುದಿಲ್ಲ! ಮಡಿಕೇರಿಯ ಚಳಿಗೆ ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ, ಚೆರ್ರಿ ಮರಕ್ಕೆ ಅದು ಚಳಿಯೇ ಅಲ್ಲ. ಹಾಗೆಂದು ತಂದು ನೆಟ್ಟ ಗಿಡ ಕೂಡಲೇ ಸಾಯುವುದಿಲ್ಲ. ಅಲ್ಲೊಂದು ಇಲ್ಲೊಂದು ಕೊಂಬೆ ಚಿಗುರುತ್ತದೆ, ಹೂವು ಮಾತ್ರ ಕಾಣುವುದಿಲ್ಲ. ಆಸೆ ಹಾಗೇ ಉಳಿಯುತ್ತದೆ.

ಮತ್ತೆ ತಾರಸಿಯ ಕುಂಡದಲ್ಲಿ ಕೆಂಪಗೆ ತೂಗುವ 'ಚೆರ್ರಿ'? ಅದು ಸಾಮಾನ್ಯವಾಗಿ ಬಾರ್ಬಡೋಸ್ ಚೆರ್ರಿ ಅಥವಾ ಸುರಿನಾಮ್ ಚೆರ್ರಿ. ಎರಡೂ ಉಷ್ಣವಲಯದ ಬೇರೆಯೇ ಗಿಡಗಳು, ಬೆಳೆಸಲು ಚೆನ್ನಾಗಿವೆ. ಕೇಕಿನ ಮೇಲೆ ಕೂರುವ ಚೆರ್ರಿಯಂತೂ ನಮ್ಮಲ್ಲಿ ಬಹುಪಾಲು ಬಣ್ಣ, ಸಕ್ಕರೆ ಹೀರಿದ ಕರವಂದೆ ಕಾಯಿ.

ನಿಜವಾದ ಚೆರ್ರಿ ಬೆಳೆಯುವುದು ಕಾಶ್ಮೀರ, ಹಿಮಾಚಲದಲ್ಲಿ. ಸಿಯಾಟಲ್, ಪೋರ್ಟ್‌ಲೆಂಡ್ ಕಡೆ ಮನೆ ಮಾಡಿದ ಕನ್ನಡಿಗರ ಹಿತ್ತಿಲಿಗೂ ಹೊಂದುತ್ತದೆ. ಅಲ್ಲಿನ ತಪ್ಪು ಕಲ್ಪನೆಗಳು ಬೇರೆ ಬಗೆಯವು.

ಒಂದು ಮರಕ್ಕೆ ಕಾಯಿ ಕಚ್ಚುವುದಿಲ್ಲ, ಎರಡು ನೆಟ್ಟರೆ ಆಯಿತು ಎನ್ನುತ್ತಾರೆ. ಇದು ಅರ್ಧ ಸತ್ಯ. ಬಹುತೇಕ ಸಿಹಿ ಚೆರ್ರಿ ತಳಿಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಪರಾಗನಳಿಕೆ ಅಂಡಾಶಯ ತಲುಪುವ ಮುನ್ನವೇ ಅದರ ಬೆಳವಣಿಗೆ ನಿಂತುಹೋಗುತ್ತದೆ. ಆದರೆ ಬಿಂಗ್ ಪಕ್ಕಕ್ಕೆ ಲ್ಯಾಂಬರ್ಟ್ ನೆಟ್ಟರೂ ಫಲವಿಲ್ಲ, ಏಕೆಂದರೆ ಪರಾಗವನ್ನು ತಡೆಯುವ ಜೀನ್ ಜೋಡಿ ಎರಡರಲ್ಲೂ ಒಂದೇ. ಸಗೋತ್ರದಲ್ಲಿ ಸಂಬಂಧ ಕೂಡದೆನ್ನುವ ಹಿರಿಯರಷ್ಟೇ ಕಟ್ಟುನಿಟ್ಟು! ವ್ಯಾನ್ ಅಥವಾ ರೇನಿಯರ್ ಜೊತೆಗಿದ್ದರೆ ಬಿಂಗ್ ಕಾಯಿ ಬಿಡುತ್ತದೆ. ಒಂದೇ ಮರಕ್ಕೆ ಜಾಗವಿರುವವರಿಗೂ ದಾರಿಯಿದೆ. ಕೆನಡಾದ ಸಮ್ಮರ್‌ಲ್ಯಾಂಡ್ ಸಂಶೋಧನಾ ಕೇಂದ್ರ 1968ರಲ್ಲಿ ಹೊರತಂದ 'ಸ್ಟೆಲ್ಲಾ' ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಬ್ರಿಟನ್ನಿನಲ್ಲಿ ಎಕ್ಸ್-ರೇ ಹಾಯಿಸಿದ ಪರಾಗದಿಂದ ಬಂದ ಗುಣ ಅದು. ಮುಂದೆ ಬಂದ 'ಲ್ಯಾಪಿನ್ಸ್' ಕೂಡ ಒಂಟಿಯಾಗಿಯೇ ಫಲ ಕೊಡುತ್ತದೆ.

ತಿಂದ ಹಣ್ಣಿನ ಬೀಜ ಊರಿದರೆ ಅದೇ ಹಣ್ಣು ಬರುತ್ತದೆ ಎಂಬುದು ಇನ್ನೊಂದು ಭ್ರಮೆ. ಬರುವುದು ಯಾವ ಗುಣದ್ದೆಂದು ಹೇಳಲಾಗದ ಸಸಿ, ಅದೂ ಹಣ್ಣು ಬಿಡಲು ಏಳೆಂಟು ವರ್ಷ ಕಾಯಿಸಬಹುದು. ಬಿಂಗ್ ಕೂಡ 1875ರ ಸುಮಾರಿಗೆ ಆರೆಗಾನ್‌ನ ಮಿಲ್ವಾಕಿಯ ಲ್ಯೂಲಿಂಗ್ ನರ್ಸರಿಯಲ್ಲಿ ಹುಟ್ಟಿದ ಇಂಥದೇ ಅದೃಷ್ಟದ ಸಸಿ. ಅಲ್ಲಿ ದುಡಿಯುತ್ತಿದ್ದ ಚೀನಾದ ಮೇಸ್ತ್ರಿ 'ಆಹ್ ಬಿಂಗ್'ನ ಹೆಸರನ್ನೇ ಅದಕ್ಕೆ ಇಟ್ಟರು. ಚೀನಾಕ್ಕೆ ಹೋದ ಅವನಿಗೆ, ಚೀನೀಯರ ವಲಸೆ ತಡೆಯುವ ಕಾನೂನಿನಿಂದಾಗಿ ಮರಳಿ ಬರಲಾಗಲಿಲ್ಲ ಎನ್ನುತ್ತಾರೆ. ಹಣ್ಣು ಮಾತ್ರ ಅಮೆರಿಕದಲ್ಲೇ ಉಳಿದು ಹೆಸರು ಮಾಡಿತು. ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ಬಿಂಗ್ ಮರವೂ ಕಸಿ ಕಟ್ಟಿದ್ದೇ. ಕಸಿಗೆ ಬಳಸುವ ಬೇರುಗಿಡವೇ ಮರದ ಎತ್ತರವನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆ: ಮಜಾರ್ಡ್ ಬೇರಿನ ಮೇಲೆ ಮರ ಏಣಿಗೂ ಎಟುಕದಷ್ಟು ಬೆಳೆದರೆ, ಜರ್ಮನಿಯ ಗಿಸೆಲಾ-5ರ ಮೇಲೆ ಸುಮಾರು ಅದರ ಅರ್ಧದಷ್ಟು.

ಕೊಂಬೆ ಕತ್ತರಿಸಲು ಚಳಿಗಾಲವೇ ಸರಿ ಎಂಬುದು ಸೇಬಿನ ಮಟ್ಟಿಗೆ ನಿಜ. ಚೆರ್ರಿಯ ಗಾಯಕ್ಕೆ ತೇವದ ಚಳಿಯಲ್ಲಿ ಬ್ಯಾಕ್ಟೀರಿಯಾದ ಹುಣ್ಣುರೋಗ, ಸಿಲ್ವರ್ ಲೀಫ್ ಶಿಲೀಂಧ್ರ ನುಗ್ಗುತ್ತವೆ. ಕೊಯ್ಲು ಮುಗಿದ ಮೇಲೆ ಬೇಸಿಗೆಯ ಒಣ ದಿನ ನೋಡಿ ಕತ್ತರಿಸುವುದೇ ಕ್ಷೇಮ.

ಹಣ್ಣಾಗುವ ಹೊತ್ತಿನಲ್ಲಿ ಮಳೆ ಬಂದರೆ ರಸ ತುಂಬುತ್ತದೆ ಎಂದುಕೊಂಡರೆ ಹಣ್ಣು ಬಿರಿದು ಕೈಗೆ ಬರುತ್ತದೆ. ಮಾಗುವ ಚೆರ್ರಿ ಸಿಪ್ಪೆಯ ಮೂಲಕವೇ ನೀರು ಹೀರಿ ಸೀಳುತ್ತದೆ. ವಾಷಿಂಗ್ಟನ್ ರಾಜ್ಯದ ದೊಡ್ಡ ತೋಟಗಳು ಸಿಯಾಟಲ್ ಸುತ್ತ ಇರದೆ ಕ್ಯಾಸ್ಕೇಡ್ ಬೆಟ್ಟಗಳಾಚೆಯ ಮಳೆನೆರಳಿನ ಯಾಕಿಮಾ, ವೆನಾಚಿಯಲ್ಲಿರುವುದಕ್ಕೆ ಇದೂ ಒಂದು ಕಾರಣ. ಅಲ್ಲಿಯೂ ಮಳೆ ಬಿದ್ದರೆ ಹೆಲಿಕಾಪ್ಟರ್ ಬಾಡಿಗೆಗೆ ತಂದು, ಮರಗಳ ಮೇಲೆ ಹಾರಿಸಿ ಹನಿ ಕೊಡವಿಸುತ್ತಾರೆ. ಹಿತ್ತಿಲವರಿಗೆ ಅಷ್ಟೆಲ್ಲ ಆಗದು. ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಹಕ್ಕಿಗಳಿಗೆ ಬಲೆ, ಇಷ್ಟರಲ್ಲೇ ನಿಭಾಯಿಸಬೇಕು.

ಹಕ್ಕಿಗಳಿಗೆ ಹೆದರಿ ಬೇಗ ಕಿತ್ತು, ಮಾವಿನಕಾಯಿಯಂತೆ ಅಡೆ ಹಾಕಿ ಹಣ್ಣು ಮಾಡಿಕೊಳ್ಳೋಣವೆಂದರೆ ಅದೂ ನಡೆಯುವುದಿಲ್ಲ. ಕಿತ್ತ ಮೇಲೆ ಚೆರ್ರಿ ಸಿಹಿಯಾಗದು. ಬಣ್ಣ ತಿರುಗಿದ ಮೇಲೂ ಒಂದೊಂದನ್ನು ಬಾಯಿಗೆ ಹಾಕಿಕೊಂಡು ನೋಡಿ, ರುಚಿ ಕೂಡಿದ ದಿನ ತೊಟ್ಟಿನ ಸಮೇತ ಬಿಡಿಸಬೇಕು.