ಉತ್ತರಕ್ಕೊಂದು ವಿಳಾಸ ಬೇಕು

ಜ್ಞಾನಭಾರತಿಗೆ ಹತ್ತಿರದಲ್ಲೇ, ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಅದರೊಳಗಿನ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನ ಕೇಂದ್ರವನ್ನು 1962ರಲ್ಲಿ ಆರಂಭಿಸಿದವರು ಎಸ್.ಆರ್. ರಂಗನಾಥನ್. ಶ್ವಾಸಕೋಶದ ಕ್ಷಯವನ್ನು ಎಕ್ಸ್‌ರೇಯಿಂದ ಗುಣಪಡಿಸುವ ಬಗ್ಗೆ 1950ರಲ್ಲಿ ಭಾರತದಲ್ಲಿ ನಡೆದ ಸಂಶೋಧನೆ ಎಂಬಷ್ಟು ಉದ್ದದ ವಿಷಯವೂ ಪುಸ್ತಕಗಳನ್ನು ವಿಷಯವಾರು ವಿಂಗಡಿಸಲು ಅವರು ರೂಪಿಸಿದ ಕೋಲನ್ ವರ್ಗೀಕರಣದಲ್ಲಿ ಒಂದೇ ಸಂಕೇತದೊಳಗೆ ಕೂರುತ್ತದೆ. 45 ಶ್ವಾಸಕೋಶ, 421 ಕ್ಷಯ, 6 ಚಿಕಿತ್ಸೆ, 253 ಎಕ್ಸ್‌ರೇ, 44 ಭಾರತ. ಇಲ್ಲಿ ಜಾಣತನವಿರುವುದು ಅಂಕಿಗಳಲ್ಲಲ್ಲ, ಅವುಗಳ ನಡುವಿನ ಚಿಹ್ನೆಗಳಲ್ಲಿ. ಯಾವುದು ಅಂಗ, ಯಾವುದು ರೋಗ, ಯಾವುದು ಕ್ರಿಯೆ ಎಂದು ಹೇಳುವುದು ಅವೇ. ‘ಕ್ಷಯ’, ‘ಎಕ್ಸ್‌ರೇ’ ಎಂಬ ಪದಗಳನ್ನಷ್ಟೇ ಹುಡುಕುವ ಯಂತ್ರ ರೋಗಪತ್ತೆಯ ಪ್ರಬಂಧಗಳನ್ನೂ ಚಿಕಿತ್ಸೆಯವನ್ನೂ ಒಟ್ಟಿಗೆ ಸುರಿಯುತ್ತದೆ. ವೈದ್ಯಕೀಯ ಎಐಗೆ ಇಂದು ಕೊರತೆಯಿರುವುದು ಓದಲು ಪ್ರಬಂಧಗಳದ್ದಲ್ಲ, ಈ ಶಿಸ್ತಿನದು.

ಇದೇ ಶಿಸ್ತು ಪ್ರೋಟೀನ್‌ಗಳ ಲೋಕದಲ್ಲಿ ಏನು ಮಾಡಬಲ್ಲದೆಂದು ಬೆಂಗಳೂರೇ ತೋರಿಸಿದೆ. ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಕಟ್ಟಿದ ‘ಹ್ಯೂಮನ್ ಪ್ರೋಟೀನ್ ರೆಫರೆನ್ಸ್ ಡೇಟಾಬೇಸ್’ 2003ರಲ್ಲಿ ಬೆಳಕಿಗೆ ಬಂತು. ಜೀವವಿಜ್ಞಾನ ಬಲ್ಲವರು ಕೂತು ಪ್ರಬಂಧಗಳನ್ನು ಓದಿ ತುಂಬಿಸಿದ ಮಾಹಿತಿ ಅದು. ಎರಡು ಪ್ರೋಟೀನ್‌ಗಳಿಗೆ ನಂಟಿದೆ ಎಂದಷ್ಟೇ ಬರೆದು ಅವರು ಕೈತೊಳೆದುಕೊಳ್ಳಲಿಲ್ಲ. ಆ ನಂಟು ಕಂಡದ್ದು ಜೀವಂತ ಕೋಶದಲ್ಲೋ, ಪರೀಕ್ಷಾನಾಳದಲ್ಲೋ, ಯೀಸ್ಟ್ ಪರೀಕ್ಷೆಯಲ್ಲೋ ಎಂದೂ ದಾಖಲಿಸಿದರು. ಯೀಸ್ಟ್ ಪರೀಕ್ಷೆ ಇಲ್ಲದ ನಂಟನ್ನೂ ತೋರಿಸುವುದುಂಟು, ಹಾಗಾಗಿ ಈ ಟಿಪ್ಪಣಿ ಬರೀ ಅಲಂಕಾರವಲ್ಲ.

ಆದರೆ ಆ ಡೇಟಾಬೇಸಿನ ಒಂಬತ್ತನೇ ಆವೃತ್ತಿ ಬಂದದ್ದು 2010ರಲ್ಲಿ, ಅದೇ ಕೊನೆ. ಪಬ್‌ಮೆಡ್‌ನಲ್ಲೀಗ ಮೂರೂವರೆ ಕೋಟಿಗೂ ಹೆಚ್ಚು ವೈದ್ಯಕೀಯ ಪ್ರಬಂಧಗಳ ದಾಖಲೆಗಳಿವೆ. ಮನುಷ್ಯರು ಓದಿ ಮುಗಿಸುವ ರಾಶಿಯೇ ಇದು ಎಂದು ಕೇಳುವವರ ಮಾತು ಸರಿ. ಓದುವ ಕೆಲಸ ಯಂತ್ರಕ್ಕೇ ಹೋಗಲಿ. ಆದರೆ ಭಾಷಾ ಮಾದರಿಗಳು ಅಸ್ತಿತ್ವದಲ್ಲೇ ಇಲ್ಲದ ಪ್ರಬಂಧಗಳನ್ನೂ ಅಷ್ಟೇ ಧೈರ್ಯದಿಂದ ಉಲ್ಲೇಖಿಸುತ್ತವೆ! ಆದ್ದರಿಂದ ಯಂತ್ರ ಅಂಗ, ರೋಗ, ಮದ್ದು, ಪುರಾವೆಗಳನ್ನು ಬಿಡಿಬಿಡಿಯಾಗಿ ಹೆಕ್ಕಿ, ಮೂಲ ವಾಕ್ಯವನ್ನು ಪಕ್ಕದಲ್ಲೇ ಇಡಬೇಕು. ತಜ್ಞರು ಅನುಮಾನ ಬಂದವನ್ನು ತೂಗಿ ನೋಡಬೇಕು. ಇಂಥ ಚೌಕಟ್ಟು ಬೇಗ ಹಳತಾಗುತ್ತದೆ ಎನ್ನುವವರೂ ಇದ್ದಾರೆ. ಆದರೆ ರಂಗನಾಥನ್ನರ ವಿಧಾನದಲ್ಲಿ ಹೊಸ ಮದ್ದು ಬಂದರೆ ಅದಕ್ಕೊಂದು ಸಂಕೇತ ಸೇರಿಸಿದರಾಯಿತು, ಉಳಿದದ್ದನ್ನು ಕೆಡವಬೇಕಿಲ್ಲ.

ಎಐ ಉಪಕರಣ ಕೊಳ್ಳಲು ಹೊರಟ ವೈದ್ಯಕೀಯ ಕಾಲೇಜುಗಳು ಮಾರಲು ಬಂದವರನ್ನು ಮೊದಲು ಕೇಳಬೇಕು: ಈ ಉತ್ತರ ಯಾವ ಪ್ರಬಂಧದ ಯಾವ ವಾಕ್ಯದಿಂದ, ಯಾವ ಬಗೆಯ ಪ್ರಯೋಗದಿಂದ ಬಂತು? ತೋರಿಸಲಾಗದಿದ್ದರೆ ಅದನ್ನು ಕೊಳ್ಳುವುದು ಬೇಡ.