ಕಣ್ಣಂದಾಜಿನ ಬೆಂಕಿ: ರೈಫಲ್ ಸ್ಟೀಲ್ ಒಡೆದ ಕಥೆ

ರೈಫಲ್ ಆಕ್ಷನ್‌ಗೆ ಎಂಥಾ ಸ್ಟೀಲ್ ಬಳಸ್ತಾರೆ? ಇವತ್ತಿನ ವಿಷಯ ಇದೇ. ಗ್ರೇಡ್‌ಗಳ ಪಟ್ಟಿ ಓದೋ ಬದಲು, ನಾನು ನಿಮಗೆ ಒಂದು ರೈಫಲ್ ಕಥೆ ಹೇಳ್ತೀನಿ.

ಮೊದಲು ಆಕ್ಷನ್ ಅಂದ್ರೇನು? ತೋಟೆಯನ್ನು ಒಳಗೆ ತಳ್ಳಿ, ಹಿಂದಿನಿಂದ ಬೀಗ ಹಾಕಿ, ಖಾಲಿ ಕೋಶವನ್ನು ಹೊರಗೆ ಎಸೆಯುವ ಭಾಗ. ಬೀಗದ ಕೆಲಸ ಬೋಲ್ಟ್‌ನದ್ದು, ಅದನ್ನು ಹಿಡಿದಿಡುವ ಚೌಕಟ್ಟು ರಿಸೀವರ್. ಕಾರಿನ ಟೈರ್‌ನಲ್ಲಿ ಒತ್ತಡ ಸುಮಾರು 30 ಪಿಎಸ್‌ಐ ಇರತ್ತೆ. ಇಲ್ಲಿ 50 ಸಾವಿರ! ಅದೂ ಗುಂಡು ಹಾರಿಸೋರ ಮುಖದ ಪಕ್ಕದಲ್ಲೇ.

ಹಾಗಾಗಿ ಈ ಸ್ಟೀಲ್‌ಗೆ ಎರಡು ಗುಣ ಬೇಕು. ಸವೆಯದಷ್ಟು ಗಟ್ಟಿ ಇರಬೇಕು, ಏಟು ಬಿದ್ದಾಗ ಒಡೆಯಲೂಬಾರದು. ಗಾಜು ಗಟ್ಟಿ, ಆದ್ರೆ ಬಿದ್ರೆ ಚೂರು. ಬಿದಿರು ಬಾಗತ್ತೆ, ಮುರಿಯಲ್ಲ. ಎರಡೂ ಒಂದೇ ತುಂಡಿನಲ್ಲಿ ಸಿಗಬೇಕು.

ಈಗ ಅಮೆರಿಕಕ್ಕೆ ಹೋಗೋಣ. ಅಲ್ಲಿನ ಸೇನೆಯ ಸ್ಪ್ರಿಂಗ್‌ಫೀಲ್ಡ್ 1903 ರೈಫಲ್‌ನ ರಿಸೀವರ್‌ಗೆ ಬಳಸಿದ್ದು ಕಡಿಮೆ ಕಾರ್ಬನ್ ಸ್ಟೀಲ್. ಅದರಲ್ಲಿ ಕಾರ್ಬನ್ ಸುಮಾರು 0.25% ಮಾತ್ರ. ಅದನ್ನು ಕಾಯಿಸಿ, ಮೇಲ್ಪದರಕ್ಕೆ ಹೆಚ್ಚು ಕಾರ್ಬನ್ ಸೇರಿಸಿ, ತಣಿಸಿ ಗಟ್ಟಿ ಮಾಡ್ತಿದ್ರು. ಇದೇ ಕೇಸ್ ಹಾರ್ಡನಿಂಗ್. ನಿಮ್ಮ ಬೈಕ್‌ನ ಗೇರ್‌ಗಳಿಗೂ ಸಾಮಾನ್ಯವಾಗಿ ಇಂಥದ್ದೇ ಉಪಚಾರ.

1917ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಕೆಲವು ರಿಸೀವರ್‌ಗಳು ಚೂರುಚೂರಾದವು. ತನಿಖೆ ಮಾಡಿದಾಗ ಗೊತ್ತಾಗಿದ್ದು ಏನು ಗೊತ್ತಾ? ಕಾದ ಲೋಹದ ಬಣ್ಣ ನೋಡಿ, ಕೆಲಸಗಾರರು ಕಣ್ಣಂದಾಜಲ್ಲೇ ಶಾಖ ನಿರ್ಧರಿಸ್ತಿದ್ರು, ನಮ್ಮ ಕುಲುಮೆಗಳಲ್ಲಿ ಕಮ್ಮಾರರು ಮಾಡೋ ಹಾಗೆ. ಮೋಡದ ದಿನ ಕೆಂಪಗೆ ಹೊಳೆಯೋ ಕಬ್ಬಿಣ, ಬಿಸಿಲಿನ ದಿನ ಮಂಕಾಗಿ ಕಾಣತ್ತೆ. 'ಇನ್ನೂ ಕಾದಿಲ್ಲ' ಅಂತ ಮತ್ತಷ್ಟು ಕಾಯಿಸಿದ್ರು. ವ್ಯತ್ಯಾಸ ಎಷ್ಟು? ಸುಮಾರು 165 ಡಿಗ್ರಿ ಸೆಲ್ಸಿಯಸ್‌ವರೆಗೆ! ಅತಿಯಾಗಿ ಕಾದ ಸ್ಟೀಲ್ ಗಾಜಿನಂತಾಯ್ತು. ತೋಟೆಯ ಹಿತ್ತಾಳೆ ಕೋಶ ಸೀಳಿ ಅನಿಲ ಹಿಂದಕ್ಕೆ ನುಗ್ಗಿದ್ರೆ, ತಡೆದುಕೊಳ್ಳೋ ಶಕ್ತಿ ಅದಕ್ಕಿರಲಿಲ್ಲ.

ಪರಿಹಾರ? ಕುಲುಮೆಗೆ ಶಾಖ ಅಳೆಯುವ ಪೈರೋಮೀಟರ್ ಬಂತು. 1918ರಲ್ಲಿ ಎರಡು ಹಂತದ ಹೀಟ್ ಟ್ರೀಟ್‌ಮೆಂಟ್ ಶುರುವಾಯ್ತು. ಗಮನಿಸಿ, ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆ ಆಗ ಸ್ಟೀಲ್ ಬದಲಿಸಲೇ ಇಲ್ಲ, ಕಾಯಿಸೋ ವಿಧಾನ ಮಾತ್ರ ಬದಲಿಸಿತು. ಆದ್ರೂ ರಿಸೀವರ್‌ಗಳು ಬಹಳ ಬಲವಾದವು. ಸುಮಾರು 3.5% ನಿಕಲ್ ಇರೋ ಸ್ಟೀಲ್ ಅಲ್ಲಿಗೆ ಬಂದಿದ್ದು 1920ರ ದಶಕದ ಕೊನೆಗೆ. ಇವತ್ತು ಹೆಚ್ಚಾಗಿ ಕೇಳಿಬರೋ ಹೆಸರು 4140. ಅದು ಕ್ರೋಮಿಯಂ, ಮಾಲಿಬ್ಡಿನಂ ಸೇರಿದ ಸ್ಟೀಲ್.

ಆದ್ರೆ ಮೊದಲು ತಯಾರಾಗಿದ್ದ ಸುಮಾರು 10 ಲಕ್ಷ ರೈಫಲ್‌ಗಳಲ್ಲಿ ಯಾವುದು ಕೆಟ್ಟದ್ದು? ಹೊರಗಿನಿಂದ ನೋಡಿ ಹೇಳೋಕೆ ಆಗಲ್ಲ. ಅದಕ್ಕೇ ಆ ಹಳೇ ಸೀರಿಯಲ್ ನಂಬರ್ ರೈಫಲ್‌ನಿಂದ ಗುಂಡು ಹಾರಿಸಬೇಡಿ ಅಂತ ಸಂಗ್ರಾಹಕರಿಗೆ ಇವತ್ತಿಗೂ ಎಚ್ಚರಿಕೆ ಕೊಡ್ತಾರೆ.

ಹಾಗಾಗಿ ಯಾರಾದ್ರೂ 'ಇದು ಇಂಥಾ ಗ್ರೇಡ್ ಸ್ಟೀಲ್' ಅಂದ್ರೆ, ನಾನು ಕೇಳೋ ಮುಂದಿನ ಪ್ರಶ್ನೆ ಒಂದೇ: ಅದನ್ನ ಹೇಗೆ ಕಾಯಿಸಿದ್ರು? ನೀವೂ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.