ಪಿಕಪ್ ಗಾಡಿಯ ಸಾಮಾನು ಕಳುವಾಗದಿರಲು

ತರಕಾರಿ, ಹೂವು, ಈರುಳ್ಳಿ, ರೇಷ್ಮೆಗೂಡು ಮುಂತಾದವನ್ನು ಮಾರುಕಟ್ಟೆಗೆ ಸಾಗಿಸಲು ಇಂದು ರೈತರು ಪಿಕಪ್ ಗಾಡಿಗಳನ್ನೇ ಹೆಚ್ಚಾಗಿ ಅವಲಂಬಿಸಿದ್ದಾರೆ. ಕೆಲವರಿಗೆ ಸ್ವಂತ ಗಾಡಿಯಿದೆ. ಕೆಲವರು ನಾಲ್ಕಾರು ಮಂದಿ ಸೇರಿ ಬಾಡಿಗೆಗೆ ಹಿಡಿಯುತ್ತಾರೆ. ಗಾಡಿಯ ಕ್ಯಾಬಿನ್ನಿಗೆ ಬೀಗವುಂಟು. ಆದರೆ ಹಿಂದಿನ ಬಾಡಿಯಲ್ಲಿ ಮತ್ತು ಅದರ ಕೆಳಗೆ ಇರುವ ತಾಡಪಾಲು, ಹಗ್ಗ, ಕ್ರೇಟು, ಜಾಕ್, ಟೂಲ್ ಬಾಕ್ಸ್, ಸ್ಟೆಪ್ನಿ ಇವೆಲ್ಲ ಬಯಲಿನಲ್ಲೇ ಇರುತ್ತವೆ. ಕೈ ಹಾಕಿದವನಿಗೆ ದಕ್ಕುತ್ತವೆ.

2023ರ ಜುಲೈನಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿದ್ದಾಗ, ಹಿರಿಯೂರು ಕಡೆಯಿಂದ ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಪಿಕಪ್ ಗಾಡಿಯೊಂದನ್ನು ಬೆಂಗಳೂರಿನ ಹೊರವಲಯದಲ್ಲಿ ಸರಕು ಸಮೇತ ಅಪಹರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅಂಥದು ಅಪರೂಪ. ಜಾಕ್, ತಾಡಪಾಲುಗಳ ಕಳವು ಸುದ್ದಿಯಾಗುವುದಿಲ್ಲ. ಆದರೆ ರೈತನ ಕೈ ಕಚ್ಚುವುದು ಅದೇ.

ನಿಜವಾದ ನಷ್ಟ ಯಾವುದು?

ಕಳುವಾದ ಸಾಮಾನಿನ ಬೆಲೆಯಷ್ಟೇ ನಷ್ಟವೆಂದು ತಿಳಿಯಬಾರದು. ಕೋಲಾರದ ಲೆಕ್ಕದಂತೆ 15 ಕಿಲೋ ತೂಕದ 100 ಪೆಟ್ಟಿಗೆ ಟೊಮೆಟೊ ಹೇರಿದ್ದೀರಿ ಎನ್ನೋಣ. ಒಟ್ಟು 1,500 ಕಿಲೋ ಆಯಿತು. ನಡುರಾತ್ರಿ ಚಕ್ರ ಪಂಕ್ಚರ್ ಆಗಿ, ಇಳಿದು ನೋಡಿದರೆ ಸ್ಟೆಪ್ನಿಯೇ ಇಲ್ಲ! ಬೆಳಗಿನ ಹರಾಜು ತಪ್ಪಿ, ತಡವಾಗಿ ಹೋದ ಮಾಲಿಗೆ ಕಿಲೋಗೆ 2 ರೂಪಾಯಿ ಕಡಿಮೆ ಸಿಕ್ಕಿದರೂ 3,000 ರೂಪಾಯಿ ಹೋಯಿತು. ಈರುಳ್ಳಿ ಹೇರಿದ ದಿನ ಮಳೆ ಬಂದು ತಾಡಪಾಲು ಇಲ್ಲದಿದ್ದರೆ ಇಡೀ ಲೋಡು ಕೊಳೆಯುವ ಭಯವುಂಟು. ಆದ್ದರಿಂದ ಈ ಸಾಮಾನುಗಳ ರಕ್ಷಣೆಯೆಂದರೆ ಫಸಲಿನ ರಕ್ಷಣೆಯೇ.

ಎಷ್ಟೇ ಗಟ್ಟಿಯಾದ ಬೀಗವಾದರೂ ಸಮಯ ಸಿಕ್ಕರೆ ಮುರಿಯುತ್ತದೆ. ಆದರೆ ಕಳ್ಳನಿಗೆ ಸಮಯವಿರುವುದಿಲ್ಲ, ಸದ್ದೂ ಬೇಡ. ಎರಡು ನಿಮಿಷದಲ್ಲಿ ಬಿಚ್ಚಬಹುದಾದ್ದನ್ನು ಹತ್ತು ನಿಮಿಷ ಹಿಡಿಯುವಂತೆ ಮಾಡಿದರೆ ಅವನು ಮುಂದಿನ ಗಾಡಿಯತ್ತ ನಡೆಯುತ್ತಾನೆ. ಕೆಳಗಿನ ಕ್ರಮಗಳೆಲ್ಲ ಈ ಒಂದು ಮಾತನ್ನೇ ಆಧರಿಸಿವೆ.

ಸ್ಟೆಪ್ನಿ

ಬಹುತೇಕ ಪಿಕಪ್‌ಗಳಲ್ಲಿ ಸ್ಟೆಪ್ನಿ ಬಾಡಿಯ ಕೆಳಗೆ ತೂಗಿರುತ್ತದೆ. ಸಾಮಾನ್ಯ ಪಾನಾ ಇದ್ದರೆ ಸಾಕು, ಬಿಚ್ಚಿಕೊಳ್ಳಬಹುದು. 8ರಿಂದ 10 ಮಿಲಿಮೀಟರ್ ದಪ್ಪದ ಗಟ್ಟಿ ಸರಪಳಿಯನ್ನು ಡಿಸ್ಕಿನ ರಂಧ್ರದಲ್ಲಿ ತೂರಿಸಿ, ಚಾಸಿಯ ಅಡ್ಡಪಟ್ಟಿಗೆ ಸುತ್ತಿ ಬೀಗ ಹಾಕಬೇಕು. ಸರಪಳಿಯನ್ನು ಹಳೆಯ ಸೈಕಲ್ ಟ್ಯೂಬಿನೊಳಗೆ ತೂರಿಸಿದರೆ ಗಡಗಡ ಸದ್ದಿರುವುದಿಲ್ಲ. ಅದು ಬ್ರೇಕ್ ಪೈಪಿಗಾಗಲಿ, ತಿರುಗುವ ಶಾಫ್ಟಿಗಾಗಲಿ ತಗುಲದಂತೆ ಬಿಗಿಯಾಗಿರಬೇಕು. ಸರಪಳಿ, ಬೀಗಗಳು ನೆಲಕ್ಕೆ ಜೋತುಬಿದ್ದಿರಕೂಡದು. ನೆಲಕ್ಕೆ ಆನಿಸಿ ಸುತ್ತಿಗೆಯಿಂದ ಹೊಡೆಯುವುದು ಸುಲಭ. ಬೀಗದ ಕೊಂಡಿ ಆದಷ್ಟೂ ಹೊರಗೆ ಕಾಣದಂಥದನ್ನು ಆರಿಸುವುದು ಒಳ್ಳೆಯದು.

ಕೆಸರು ನೀರಿಗೆ ಬೀಗ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ನಾಲ್ಕು ಹನಿ ಎಣ್ಣೆ ಬಿಟ್ಟು ತೆರೆದು ನೋಡಬೇಕು. ಒಂದು ಬೀಗದ ಕೈ ಡ್ರೈವರ್ ಬಳಿ, ಇನ್ನೊಂದು ಮನೆಯಲ್ಲಿ ಇರಲಿ. ದಾರಿಯಲ್ಲಿ ಪಂಕ್ಚರ್ ಆಗಿ ಬೀಗದ ಕೈ ಊರಿನಲ್ಲಿ ಉಳಿದರೆ, ಸ್ಟೆಪ್ನಿ ಇದ್ದೂ ಇಲ್ಲದಂತೆಯೇ.

ಟೂಲ್ ಬಾಕ್ಸ್, ಬ್ಯಾಟರಿ

ಜಾಕ್ ಮತ್ತು ವೀಲ್ ಸ್ಪ್ಯಾನರುಗಳನ್ನು ಸೀಟಿನ ಹಿಂದೆ ಅಥವಾ ಕೆಳಗೆ ಇಡಲು ಜಾಗವಿದ್ದರೆ ಅಲ್ಲಿಯೇ ಇಡಬೇಕು. ಕಣ್ಣಿಗೆ ಬೀಳದ ಸಾಮಾನಿಗೆ ಆಸೆ ಹುಟ್ಟುವುದಿಲ್ಲ. ಬಾಡಿಯಲ್ಲಿ ಕಬ್ಬಿಣದ ಪೆಟ್ಟಿಗೆ ಕೂರಿಸುವುದಾದರೆ, ಬೋಲ್ಟಿನ ಗುಂಡು ತಲೆ ಹೊರಗೂ ನಟ್ಟು ಪೆಟ್ಟಿಗೆಯ ಒಳಗೂ ಬರುವಂತೆ ಬಿಗಿಯಬೇಕು. ಮುಚ್ಚಳ ತೆಗೆಯದೆ ನಟ್ಟು ಸಿಗಬಾರದು. ಪೆಟ್ಟಿಗೆ ಬಾಡಿಯ ಹೊರಕ್ಕೆ ಚಾಚಿರಕೂಡದು.

ಯಾವ ಕಾರಣಕ್ಕೂ ಚಾಸಿಗೆ ತೂತು ಕೊರೆಯಿಸುವುದಾಗಲಿ ವೆಲ್ಡಿಂಗ್ ಮಾಡಿಸುವುದಾಗಲಿ ಸಲ್ಲದು. ಭಾರ ಹೊರುವ ಭಾಗ ದುರ್ಬಲವಾಗುತ್ತದೆ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ತಂತಿಗಳನ್ನು ಮೊದಲೇ ಕಳಚಬೇಕು.

ಕೆಲವು ಸಣ್ಣ ಗಾಡಿಗಳಲ್ಲಿ ಬ್ಯಾಟರಿ ಚಾಸಿಯ ಪಕ್ಕದಲ್ಲಿ ಹೊರಗೇ ಇರುತ್ತದೆ. ಅದಕ್ಕೆ ಕಬ್ಬಿಣದ ಪಟ್ಟಿಗಳ ಗೂಡು ಮಾಡಿಸಿ ಬೀಗ ಹಾಕಬಹುದು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಅನಿಲ ಬರುವುದರಿಂದ ಗೂಡಿನಲ್ಲಿ ಗಾಳಿಯಾಡಬೇಕು. ಪಟ್ಟಿಗಳು ಬ್ಯಾಟರಿಯ ತುದಿಗಳಿಗೆ ಸೋಕದಂತೆ ಎಚ್ಚರ ವಹಿಸಬೇಕು.

ತಾಡಪಾಲು ಮತ್ತು ಕ್ರೇಟುಗಳು

ಲೋಡು ಇಳಿಸಿದ ಮೇಲಿನ ಅರ್ಧ ಗಂಟೆ ಬಹಳ ಅಪಾಯದ ಹೊತ್ತು. ರೈತ ಲೆಕ್ಕದ ಚೀಟಿಗಾಗಿ ಮಂಡಿಯ ಮುಂದೆ ನಿಂತಿರುತ್ತಾನೆ, ಡ್ರೈವರ್ ಚಹಾಕ್ಕೆ ಹೋಗಿರುತ್ತಾನೆ. ಗಾಡಿಯಲ್ಲಿ ಖಾಲಿ ಕ್ರೇಟು, ಮಡಚಿದ ತಾಡಪಾಲು, ಹಗ್ಗ ಬಿದ್ದಿರುತ್ತವೆ. ಮಾಲು ಇಳಿದೊಡನೆ ತಾಡಪಾಲು, ಹಗ್ಗಗಳನ್ನು ಕ್ಯಾಬಿನ್ನಿಗೆ ಸೇರಿಸಬೇಕು. ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸಿ, ಅವುಗಳ ಹಿಡಿಕೆಯ ಸಂದಿನಲ್ಲಿ ತೆಳು ಸರಪಳಿ ಹಾಯಿಸಿ ಬಾಡಿಯ ಕೊಂಡಿಗೆ ಬೀಗ ಹಾಕಬೇಕು. ಎಣಿಸಿ ತುಂಬಿ, ಎಣಿಸಿ ಇಳಿಸುವ ರೂಢಿ ಬೆಳೆಸಿಕೊಳ್ಳಬೇಕು. ಗಾಡಿಯಲ್ಲಿ ಪಂಪು, ಕೇಬಲ್, ಸಿಂಪರಣೆ ಯಂತ್ರಗಳಿದ್ದರೆ ರಾತ್ರಿ ಅಲ್ಲೇ ಬಿಡದೆ ಮನೆಯೊಳಗೆ ಇಳಿಸಿಕೊಳ್ಳುವುದೇ ಕ್ಷೇಮ.

ಗಾಡಿ ನಿಲ್ಲಿಸುವ ಕ್ರಮ

ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಗಾಡಿಯ ಹಿಂಭಾಗವನ್ನು ಗೋಡೆಗೆ ಅಥವಾ ದಿಬ್ಬಕ್ಕೆ ಆನಿಸಿದಂತೆ ನಿಲ್ಲಿಸಿದರೆ ಹಿಂದಿನ ಬಾಗಿಲು ತೆರೆಯಲಾಗದು, ಸ್ಟೆಪ್ನಿಯನ್ನು ಹಿಂದಿನಿಂದ ಎಳೆಯಲೂ ಆಗದು. ಬೆಳಕಿರುವಲ್ಲಿ, ಮನೆಯವರ ಕಿವಿಗೆ ಸದ್ದು ಬೀಳುವಷ್ಟು ಹತ್ತಿರದಲ್ಲಿ ಗಾಡಿ ಇರಲಿ. ರಾತ್ರಿಯೇ ಮಾರುಕಟ್ಟೆ ತಲುಪುವ ಒಂದೇ ಊರಿನ ಗಾಡಿಗಳು ಒಂದೆಡೆ ನಿಂತು, ಎರಡು ಗಂಟೆಗೊಬ್ಬರಂತೆ ಸರದಿ ಕಾವಲು ಮಾಡಿಕೊಳ್ಳಬಹುದು. ಹೊಲದಲ್ಲಿ ಫಸಲು ಕಾಯಲು ನಾವು ಮಾಡುವುದೂ ಇದನ್ನೇ ಅಲ್ಲವೇ?

ಗುರುತು ಹಾಕುವುದು

ಗುರುತಿಲ್ಲದ ಸಾಮಾನು ಸಿಕ್ಕರೂ ನಮ್ಮದೆಂದು ಹೇಳುವುದು ಕಷ್ಟ. ಜಾಕ್, ಸ್ಪ್ಯಾನರುಗಳ ಮೇಲೆ ಗಾಡಿಯ ನಂಬರನ್ನು ಪಂಚಿನಿಂದ ಒತ್ತಿಸಬಹುದು. ಚಕ್ರದ ಡಿಸ್ಕಿಗೆ ಮಾತ್ರ ಪಂಚ್ ಬೇಡ, ಬಣ್ಣದಲ್ಲಿ ಬರೆದರೆ ಸಾಕು. ತಾಡಪಾಲಿನ ಅಂಚಿನಲ್ಲಿ ಬರೆದ ಹೆಸರನ್ನು ಕತ್ತರಿಸಿಬಿಡುತ್ತಾರೆ. ನಟ್ಟನಡುವೆ ಹೆಸರು, ಊರು ದೊಡ್ಡಕ್ಷರಗಳಲ್ಲಿ ಇರಬೇಕು. ಟೈರ್ ಮತ್ತು ಬ್ಯಾಟರಿಗಳ ಮೇಲೆ ಕಂಪನಿಯವರು ಹಾಕಿದ ಸರಣಿ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು, ರಸೀದಿಗಳ ಜೊತೆ ಜೋಪಾನ ಮಾಡಬೇಕು.

ಕಳುವಾದರೆ

112ಕ್ಕೆ ಕರೆ ಮಾಡಬಹುದು ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಹೋಗಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಕಳವು ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ನೀಡಬಹುದು. ದಾಖಲಾದ ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕೂ ಇದೆ. ಸಂಶಯ ಬಂದವರನ್ನು ಹಿಡಿದು ಹೊಡೆಯುವುದು ತಪ್ಪು; ಪೊಲೀಸರಿಗೆ ಒಪ್ಪಿಸಬೇಕು.

ಥರ್ಡ್ ಪಾರ್ಟಿ ವಿಮೆ ಮಾತ್ರ ಇರುವ ಗಾಡಿಗೆ ಇಂಥ ಕಳವಿನ ಪರಿಹಾರ ದೊರೆಯುವುದಿಲ್ಲ. ಪೂರ್ಣ ವಿಮೆಯಿದ್ದವರೂ ಬಿಡಿ ಸಾಮಾನುಗಳ ಕಳವಿಗೆ ಯಾವ ಷರತ್ತುಗಳಿವೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.

ಅಗ್ಗದ ಮಾಲಿನ ಆಸೆ ಬೇಡ

ಕಡೆಯದಾಗಿ ಒಂದು ಮಾತು. ಕದ್ದ ಸ್ಟೆಪ್ನಿಯನ್ನು ಕಳ್ಳ ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ರಸೀದಿ ಕೇಳದೆ ಅರ್ಧ ಬೆಲೆಗೆ ಕೊಳ್ಳುವವರು ಇರುವುದರಿಂದಲೇ ಅವನ ಕಸುಬು ನಡೆಯುತ್ತದೆ. ಅಂಥ ಕೊಳ್ಳುವವರಲ್ಲಿ ನಮ್ಮಂತೆಯೇ ಗಾಡಿ ಇಟ್ಟವರೂ ಇರಬಹುದು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಅಪರಾಧ. ಮೂರು ವರ್ಷದವರೆಗೆ ಸೆರೆವಾಸವಾಗಬಹುದು. ಇಂದು ಇನ್ನೊಬ್ಬ ರೈತನ ಜಾಕನ್ನು ಅಗ್ಗಕ್ಕೆ ಕೊಂಡರೆ, ನಾಳೆ ನಮ್ಮ ಜಾಕಿಗೂ ಗಿರಾಕಿ ಸಿದ್ಧನಿರುತ್ತಾನೆ.

ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಫಲವಿಲ್ಲ. ಮುಂದಿನ ಸಂತೆಗೆ ಲೋಡು ಹೇರುವ ಮುನ್ನ ಒಂದು ಸರಪಳಿ, ಎರಡು ಬೀಗ, ಒಂದು ಡಬ್ಬಿ ಬಣ್ಣ ತಂದು ಅರ್ಧ ದಿನದ ಕೆಲಸ ಮಾಡಿ ಮುಗಿಸಿದರೆ, ಬೆವರು ಸುರಿಸಿ ಬೆಳೆದ ಫಸಲು ಹೊತ್ತಿಗೆ ಸರಿಯಾಗಿ ಮಾರುಕಟ್ಟೆ ಮುಟ್ಟುವುದು.